ಬಣವೆಯ ಬಿಸಿ

ಹುಲ್ಲಿನಿಂದ ಎಥೆನಾಲ್ ತೆಗೆಯುವ ಹರಿಹರದ ಕಾರ್ಖಾನೆಗೆಂದು ಭಾನುವಳ್ಳಿಯ ಜಾಫರ್ ಸಾಬರು ಊರಿನ ಭತ್ತದ ಹುಲ್ಲನ್ನೆಲ್ಲ ಕೊಂಡು ಮನೆಯ ಹಿಂದೆ ಬಣವೆ ಒಟ್ಟಿದ್ದರು. ಪೆಂಡಿ ಕಟ್ಟುವ ಯಂತ್ರ ಬೇರೆ ಊರಿಗೆ ಹೊರಟಿದೆ ಎಂಬ ಅವಸರಕ್ಕೆ ಹುಲ್ಲು ಒಣಗುವ ಮೊದಲೇ ಕಟ್ಟಿಸಿದ್ದರು. ಮೋಡ ಕಂಡಿದ್ದೇ ತಡ, ದಾವಣಗೆರೆಯಿಂದ ತಾಡಪತ್ರಿ ತಂದು ಸಂದಿಲ್ಲದಂತೆ ಬಿಗಿದರು. ಕಾರ್ಖಾನೆಯ ಲಾರಿ ಮಾತ್ರ ಇಂದು ಬಂತು, ನಾಳೆ ಬಂತು ಎನ್ನುತ್ತ ಬರಲೇ ಇಲ್ಲ.

ಒಂದು ಬೆಳಿಗ್ಗೆ ನೋಡಿದರೆ, ಬಣವೆಗೆ ಒರಗಿ ಮಲಗುತ್ತಿದ್ದ ಆಡುಗಳೆಲ್ಲ ದೂರದ ಬೇಲಿಗೆ ಅಂಟಿಕೊಂಡು ನಿಂತಿದ್ದವು. ಸುತ್ತಲೂ ಸುಟ್ಟ ಬೆಲ್ಲದ ವಾಸನೆ.

"ತಾಡಪತ್ರಿ ಮುಟ್ಟಿದ್ರೆ ಕಾದ ತವಾ ಮುಟ್ಟಿದಂಗೈತ್ರಿ. ಫೈರ್ ಎಂಜಿನ್‌ಗೆ ಫೋನ್ ಮಾಡ್ರಿ," ಎಂದಳು ಹೆಂಡತಿ ಮುಸರತ್.

"ಬೆಂಕೀನೇ ಇಲ್ಲ, ಬಂದು ಏನು ಆರಿಸ್ತಾರ? ಊರು ನಗ್ತೈತೆ," ಎಂದು ಜಾಫರ್ ರೇಗಿದರು. ಅಪ್ಪ ಬಣವೆಯ ನಡುವೆ ಗಾಳಿಗೆಂದು ಕಿಂಡಿ ಬಿಡುತ್ತಿದ್ದುದು ಅವರಿಗೆ ಈಗ ನೆನಪಾಯಿತು. "ಸ್ವಲ್ಪ ಗಾಳಿ ಆಡಿದ್ರೆ ತಣ್ಣಗಾಗ್ತೈತೆ ಬಿಡು."

ಕುಡುಗೋಲಿನಿಂದ ಹಗ್ಗ ಕೊಯ್ದು, ತಾಡಪತ್ರಿ ಸರಿಸಿ, ನಡುವಿನ ಪೆಂಡಿಯೊಂದನ್ನು ಜಗ್ಗಿ ಕಿತ್ತರು. ಒಳಗೆ ಹುಲ್ಲು ಇದ್ದಿಲಿನಂತೆ ಕಪ್ಪಗಾಗಿತ್ತು. ಅವರ ಬೆನ್ನ ಹಿಂದಿನಿಂದ ಕಾಲುವೆಯ ತಂಗಾಳಿ ಬೀಸಿ ಕಿಂಡಿಯೊಳಗೆ ನುಗ್ಗಿತು.

ಕಪ್ಪು ಮೆಲ್ಲಗೆ ಕೆಂಪಾಯಿತು.