ಅಶ್ವತ್ಥಪ್ಪನವರ ಗಂಟಲು

ಬಾಯಿ ತೆರೆದಿತ್ತು, ತುಟಿ ಆಡುತ್ತಿತ್ತು, ಮಾತು ಮಾತ್ರ ಹೊರಡಲಿಲ್ಲ. ವಕೀಲ ಅಶ್ವತ್ಥಪ್ಪನವರು ಕತ್ತು ಹಿಡಿದುಕೊಂಡು ಇನ್ನೊಮ್ಮೆ ಪ್ರಯತ್ನಿಸಿದರು. ಎಣ್ಣೆ ಕಾಣದ ಬಾಗಿಲಿನಂಥದೊಂದು ಕಿರುಗುಟ್ಟುವಿಕೆ ಬಂತು, ಅಷ್ಟೆ.

ಜೂನಿಯರು ಕದಿರೇಶನಿಗೆ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. ಈ ಕ್ರಮ ಸರಿಯಲ್ಲವೆಂದು ಅವನಿಗೇ ಅನ್ನಿಸಿತು.

ಹಿಂದಿನ ದಿನ ಏಕಾದಶಿ. ಅಶ್ವತ್ಥಪ್ಪನವರು ಮೂರು ಗಂಟೆ ಭಜನೆ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದರು. ಅವರ ಹೆಂಡತಿ ಭಾರತಮ್ಮನವರು ಮೆಣಸಿನ ಕಷಾಯ ತಂದಿಟ್ಟು, ದೇವರು ಇಷ್ಟು ಕೂಗಿದರೂ ಕೇಳಲಿಲ್ಲವಲ್ಲ ಎಂದು ಹೇಳಿ ಒಳಗೆ ಹೋದರು. ಅಶ್ವತ್ಥಪ್ಪನವರು ಮೊಮ್ಮಗಳ ಸ್ಲೇಟು ತರಿಸಿ ಬಳಪದಲ್ಲಿ ಬರೆದರು: ‘ಮುನ್ನೀ ಬೀ ಕೇಸು ಇವತ್ತೇ.’

ಕದಿರೇಶನಿಗೂ ಇವತ್ತೇ ಆಗಬೇಕಾದ ಕೆಲಸವೊಂದಿತ್ತು. ಪುಣೆಯಲ್ಲಿ ಲಾ ಓದಿ, ಕೋಲಾರಕ್ಕೆ ಬಂದು, ನಿಯಮದಂತೆ ಒಂದು ವರ್ಷ ಇವರ ಕೈಕೆಳಗೆ ಕೂತದ್ದು ಇಂದಿಗೆ ಮುಗಿಯುತ್ತಿತ್ತು. ಸೀನಿಯರು ಸರ್ಟಿಫಿಕೇಟು ಕೊಟ್ಟರೆ ಸನ್ನದಿಗೆ ಅರ್ಜಿ ಹಾಕಬಹುದು. ಸನ್ನದು ಬಂದ ಮೇಲೆ ಕೋರ್ಟಿನಲ್ಲಿ ಬಾಯಿ ತೆರೆಯಬಹುದು. ಅಲ್ಲಿಯವರೆಗೆ ಕೇಳುವುದು, ಡೈರಿಯಲ್ಲಿ ಬರೆಯುವುದು. ಅವನ ಡೈರಿಯ ಪ್ರತಿ ಪುಟದ ಕೊನೆಗೂ ಒಂದೇ ಸಾಲು: ‘ಹಾಜರಿದ್ದೆ, ಕೇಳಿದೆ.’

ಸರ್ಟಿಫಿಕೇಟಿನ ಕರಡನ್ನೂ ಅವನೇ ಬರೆದಿದ್ದ. ನಿನ್ನ ಗುಣ ನಿನಗೇ ಚೆನ್ನಾಗಿ ಗೊತ್ತು, ಬರ್ಕೊಂಡು ಬಾ ಎಂದು ಅಶ್ವತ್ಥಪ್ಪನವರು ಹೇಳಿದ್ದರು. ‘ಸದರಿ ಕದಿರೇಶನು ಶ್ರದ್ಧಾವಂತನೂ ಸನ್ನಡತೆಯುಳ್ಳವನೂ ಆಗಿದ್ದು, ಸ್ವತಂತ್ರವಾಗಿ ವಕೀಲಿ ನಡೆಸಲು ಸರ್ವವಿಧದಲ್ಲೂ ಅರ್ಹನು.’ ಬರೆದು ಮುಗಿಸಿ ಓದಿಕೊಂಡಾಗ ಆ ಮನುಷ್ಯ ಅವನಿಗೆ ಬಹಳ ಮೆಚ್ಚಿಗೆಯಾದ. ಎಲ್ಲಾದರೂ ಸಿಕ್ಕರೆ ಪರಿಚಯ ಮಾಡಿಕೊಳ್ಳಬೇಕು ಅನ್ನಿಸಿತು.

ಕೋರ್ಟಿನ ಮುಂದೆ ಮುನ್ನೀ ಬೀ ಆಗಲೇ ಬಂದು ಕಾದಿದ್ದಳು. ಶ್ರೀನಿವಾಸಪುರದ ವಿಧವೆ. ಜೋಳಿಗೆ ತುಂಬ ಮಾವಿನಹಣ್ಣು ತಂದಿದ್ದಳು. ಅವಳ ಮನೆಗೆ ಇದ್ದದ್ದು ಒಂದೇ ಓಣಿ. ನೆರೆಯ ಚನ್ನರಾಯಪ್ಪ ಓಣಿ ತನ್ನದೆಂದು ತಿಂಗಳ ಹಿಂದೆ ಆಳೆತ್ತರದ ಗೋಡೆ ಎಬ್ಬಿಸಿಬಿಟ್ಟಿದ್ದ. ಅಂದಿನಿಂದ ಅವಳೂ ಮಗಳು ಸುಗ್ರಾಳೂ ಏಣಿ ಹತ್ತಿ ಇಳಿದು ಓಡಾಡುತ್ತಿದ್ದರು. ಮೇಕೆಯನ್ನೂ ಹೊತ್ತು ದಾಟಿಸುತ್ತಿದ್ದರು. ಬರುವ ಶುಕ್ರವಾರ ಸುಗ್ರಾಳ ಮದುವೆ. ಇವತ್ತು ಗೋಡೆ ಒಡೆಯುವ ಹುಕುಂ ಸಿಗದಿದ್ದರೆ ಗಂಡಿನ ಕಡೆಯವರು ಬೇರೆ ಹೆಣ್ಣು ನೋಡುತ್ತೇವೆ ಎಂದಿದ್ದರಂತೆ.

ವಕೀಲರಿಗೆ ದನಿಯಿಲ್ಲ ಎಂದು ತಿಳಿದಾಗ ಅವಳು ಕೂಗಾಡಲಿಲ್ಲ. ಜೋಳಿಗೆಯನ್ನು ನೆಲಕ್ಕಿಟ್ಟು ಅದರ ಪಕ್ಕದಲ್ಲಿ ಕೂತುಬಿಟ್ಟಳು. ಕದಿರೇಶನಿಗೆ ಅವಳ ಮುಖ ನೋಡಲಾಗಲಿಲ್ಲ. ಮಾವಿನಹಣ್ಣು ನೋಡಿದ.

ಕೇಸು ಬಂತು. ಅಶ್ವತ್ಥಪ್ಪನವರು ಎದ್ದು, ಗಂಟಲು ತೋರಿಸಿ, ಕದಿರೇಶನ ಭುಜ ಹಿಡಿದು ಮುಂದಕ್ಕೆ ನೂಕಿದರು. ತಾವು ಪಿಸುಗುಟ್ಟುತ್ತೇವೆ, ಈತ ಅದನ್ನು ಗಟ್ಟಿಯಾಗಿ ಹೇಳುತ್ತಾನೆ, ಅಪ್ಪಣೆಯಾಗಬೇಕು ಎಂದು ಚೀಟಿ ಬರೆದು ಕೊಟ್ಟರು. ಎದುರು ವಕೀಲ ವೆಂಕಟರಮಣಪ್ಪನವರು, ಸನ್ನದಿಲ್ಲದವರು ಮಾತಾಡುವುದಾದರೆ ಸಂತೆಯಲ್ಲಿ ಮಾತಾಡಲಿ ಎಂದು ಆಕ್ಷೇಪಣೆ ಎತ್ತಿದರು.

ಮುನ್ಸೀಫರು ಕನ್ನಡಕ ತೆಗೆದು ಒರೆಸಿಕೊಂಡರು. ಅವರಿಗೂ ಇದು ಹೊಸದಾಗಿತ್ತು. ಹೊಸದರಲ್ಲಿ ಒಂದು ಖುಷಿಯೂ ಇದ್ದಂತಿತ್ತು.

“ಮಾತು ಅಶ್ವತ್ಥಪ್ಪನವರದ್ದು. ನೀವು ಗಂಟಲು ಮಾತ್ರ,” ಎಂದರು. “ದಾಖಲೆಯಲ್ಲಿ ನಿಮ್ಮ ಹೆಸರು ಬರೋದಿಲ್ಲ. ತಿಳೀತೇ?”

“ತಿಳೀತು ಸ್ವಾಮಿ.”

ಅಶ್ವತ್ಥಪ್ಪನವರು ಕಿವಿಯ ಬಳಿ ಬಾಯಿಟ್ಟರು. ಕಷಾಯದ ವಾಸನೆ. ಕದಿರೇಶ ಒಂದೊಂದೇ ವಾಕ್ಯ ಎತ್ತಿ ಹೇಳತೊಡಗಿದ. ಮೊದಲೆರಡು ವಾಕ್ಯ ನಡುಗಿದವು. ಮೂರನೆಯದು ನೆಟ್ಟಗೆ ನಿಂತಿತು. ಒಂದು ವರ್ಷ ಕೇಳಿದ್ದೆಲ್ಲ ಒಳಗೆಲ್ಲೋ ಕೂತಿತ್ತು, ಈಗ ಸಾಲಾಗಿ ಎದ್ದು ಬಂತು. ಓಣಿಯ ಅಗಲ, ನಲವತ್ತು ವರ್ಷದ ಬಳಕೆ, ಹಳೆಯ ಕ್ರಯಪತ್ರದ ಚಕ್ಕುಬಂದಿ. ಬಹಳ ಹೊತ್ತಿನ ಮೇಲೆ ಅವನಿಗೆ ಕಿವಿಯ ಬಳಿ ಉಸಿರು ತಾಗುತ್ತಿಲ್ಲ ಎಂದು ಗೊತ್ತಾಯಿತು. ಓರೆಗಣ್ಣಲ್ಲಿ ನೋಡಿದ. ಅಶ್ವತ್ಥಪ್ಪನವರು ಕುರ್ಚಿಗೊರಗಿ ಬಿಸಿನೀರು ಗುಟುಕರಿಸುತ್ತಿದ್ದರು.

ಎದೆ ಹಗುರಾಯಿತು. ಇಷ್ಟು ಸಂತೋಷ ಅವನಿಗೆ ಪುಣೆಯಲ್ಲಿ ಲಾ ಪಾಸಾದಾಗಲೂ ಆಗಿರಲಿಲ್ಲ. ನಿಲ್ಲಿಸಬೇಕು ಅನ್ನಿಸಿತು, ನಿಲ್ಲಿಸಲಿಲ್ಲ.

ಆಗಲೇ ಇನ್ನೊಂದು ವಿಷಯವೂ ಕಿವಿಗೆ ಬಿತ್ತು. ಅವನು ಪ್ರತಿ ವಾಕ್ಯದ ಕೊನೆಯನ್ನು ಎಳೆಯುತ್ತಿದ್ದ. ಎರಡು ಬೆರಳಲ್ಲಿ ಮೇಜು ತಟ್ಟುತ್ತಿದ್ದ. ಇವು ಅಶ್ವತ್ಥಪ್ಪನವರ ಚಾಳಿಗಳು. ಬಿಡಲು ನೋಡಿದ, ಮಾತು ತಡವರಿಸಿತು. ಮತ್ತೆ ಬೆರಳು ತಟ್ಟಿದ, ಮಾತು ಹರಿಯಿತು.

ವೆಂಕಟರಮಣಪ್ಪನವರು ನಡುವೆ ಬಾಯಿ ಹಾಕಿ, ಏಣಿ ಇದೆಯಲ್ಲ, ಓಡಾಟಕ್ಕೆ ತೊಂದರೆಯೇನು ಎಂದರು.

“ಏಣಿ ಇದೆ ಸ್ವಾಮಿ,” ಎಂದ ಕದಿರೇಶ. “ಶುಕ್ರವಾರ ಮದುಮಗ ಕುದುರೆ ಮೇಲೆ ಬರ್ತಾನೆ. ಅವನು ಹತ್ತಬಹುದು. ಕುದುರೆಗೆ ಹತ್ತೋದು ಕಲಿಸೋರು ಯಾರು?”

ಕೋರ್ಟಿಗೆ ಕೋರ್ಟೇ ನಕ್ಕಿತು. ಮುನ್ಸೀಫರು ಕರವಸ್ತ್ರ ಬಾಯಿಗೆ ಹಿಡಿದುಕೊಂಡರು. ಚನ್ನರಾಯಪ್ಪ ಕೂಡ ನಕ್ಕು, ಆಮೇಲೆ ಅದು ತನ್ನ ಗೋಡೆಯ ಮಾತೆಂದು ನೆನಪಾಗಿ ಮುಖ ಬಿಗಿದುಕೊಂಡ. ಬುಧವಾರದೊಳಗೆ ಗೋಡೆ ಕೆಡವಬೇಕೆಂದು ಹುಕುಂ ಆಯಿತು.

ಹೊರಗೆ ಮುನ್ನೀ ಬೀ ಅಶ್ವತ್ಥಪ್ಪನವರ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು.

“ನಿಮ್ಮ ಬಾಯಿಗೆ ಸಕ್ಕರೆ ಹಾಕ್ಬೇಕು ವಕೀಲ್ ಸಾಬ್.”

ದಿನವಿಡೀ ಒಂದು ಮಾತೂ ಗಟ್ಟಿಯಾಗಿ ಆಡದ ಆ ಬಾಯಿ ಪ್ರಸನ್ನವಾಗಿ ಅರಳಿತು. ಅವಳು ಕದಿರೇಶನ ಕಡೆಗೂ ತಿರುಗಿ ದೊಡ್ಡ ಹಣ್ಣೊಂದನ್ನು ಆರಿಸಿ ಕೊಟ್ಟಳು. “ನೀನೂ ಚೆನ್ನಾಗಿ ಓದಿ ಹೇಳ್ದೆ ಬೇಟಾ. ಶುಕ್ರವಾರ ಊಟಕ್ಕೆ ಬಾ.”

ವೆಂಕಟರಮಣಪ್ಪನವರು ಬಂದು ಅಶ್ವತ್ಥಪ್ಪನವರ ಬೆನ್ನು ತಟ್ಟಿದರು. ಆ ಕುದುರೆ ಮಾತು ನಿಮ್ಮನ್ನು ಬಿಟ್ಟು ಇನ್ಯಾರಿಗೂ ಹೊಳೆಯುತ್ತಿರಲಿಲ್ಲ, ಬಾಗುಂದಿ, ಬಾಗುಂದಿ ಎಂದು ತೆಲುಗಿನಲ್ಲಿ ಮೆಚ್ಚಿ ನಕ್ಕರು. ಜಗಲಿಯಲ್ಲಿದ್ದ ಗುಮಾಸ್ತರೆಲ್ಲ ಅದನ್ನೇ ಹೇಳುತ್ತಿದ್ದರು. ಸಂಜೆಯೊಳಗೆ ಮಾಲೂರಿಗೂ ಮುಳಬಾಗಿಲಿಗೂ ಮುಟ್ಟುತ್ತದೆ ಎಂದು ಕದಿರೇಶ ಲೆಕ್ಕ ಹಾಕಿದ.

ಅಶ್ವತ್ಥಪ್ಪನವರು ಅವನನ್ನು ಪಕ್ಕಕ್ಕೆ ಕರೆದರು. ಪಿಸುದನಿ ಈಗ ಕೊಂಚ ತಿಳಿಯಾಗಿತ್ತು.

“ಕುದುರೆ ಮಾತು ಸರಿಯಾಗಿ ಕೂತ್ಕೊಳ್ತು ಅಲ್ವೇನಯ್ಯಾ? ನೆನ್ನೆಯಿಂದ ತಲೇಲಿತ್ತು.”

ಅವರ ಕಣ್ಣಲ್ಲಿ ಕಪಟವಿರಲಿಲ್ಲ. ಮಗುವಿನ ಹಿಗ್ಗಿತ್ತು.

“ಚೆನ್ನಾಗಿ ಕೂತ್ಕೊಳ್ತು ಸಾರ್,” ಎಂದ ಕದಿರೇಶ.

ಹೇಳಿದ ಮೇಲೆ ಅವನಿಗೆ ಅನುಮಾನ ಹುಟ್ಟಿತು. ಆ ವಾಕ್ಯ ಎಲ್ಲಿಂದ ಬಂತೆಂದು ಹುಡುಕಿದ. ಒಳಗೆ ಅದರ ಜಾಡಿರಲಿಲ್ಲ. ನಿಜವಾಗಿ ಅವರೇ ಪಿಸುಗುಟ್ಟಿದ್ದರೇನೋ. ಇಲ್ಲವೆಂದು ಯಾವ ಸಾಕ್ಷಿಯನ್ನು ಕರೆಯುವುದು?

ಅಶ್ವತ್ಥಪ್ಪನವರು ಗೋಡೆಗೆ ಕಾಗದ ಒತ್ತಿ ಸರ್ಟಿಫಿಕೇಟಿಗೆ ಸಹಿ ಹಾಕಿದರು. ಉಳಿದದ್ದು ಡೈರಿಗೆ ಮುನ್ಸೀಫರ ರುಜು. ಕದಿರೇಶ ಕೊನೆಯ ಪುಟ ತೆರೆದು ಪೆನ್ನು ಹಿಡಿದು ಬಹಳ ಹೊತ್ತು ನಿಂತ. ನಿಯಮದ ಪ್ರಕಾರ ಬರೆಯಬಹುದಾದದ್ದು ಒಂದೇ ಇತ್ತು. ಎಂದಿನ ಆ ಸಾಲನ್ನೇ ಬರೆದ. ಪುಸ್ತಕ ಒಳಗೆ ಕಳಿಸಿ, ಹುಣಸೆ ಮರದ ಕೆಳಗೆ ಹಣ್ಣು ಚೀಪುತ್ತ ಕಾದ. ಹಣ್ಣು ಬಹಳ ಸಿಹಿಯಾಗಿತ್ತು. ರಸ ಮೊಣಕೈಗೆ ಇಳಿಯಿತು.

ಡವಾಲಿ ಜವಾನ ಓಬೇದುಲ್ಲಾ ರುಜುವಾದ ಡೈರಿ ಹಿಡಿದು ಬಾಗಿಲಿಗೆ ಬಂದು, ಎದೆ ಸೆಟೆಸಿ, ಆಕಾಶಕ್ಕೆ ಮುಖವೆತ್ತಿ ಕೂಗಿದ.

“ಕದಿರೇಶ! ಹಾಜರಿದ್ದಾರಾ?”

ಜಗಲಿಯ ಮೇಲಿದ್ದವರೆಲ್ಲ ಆ ಮನುಷ್ಯ ಯಾರೆಂದು ಅತ್ತಿತ್ತ ನೋಡಿದರು. ಕದಿರೇಶನೂ ನೋಡಿದ.

ಎರಡನೆಯ ಕೂಗಿಗೆ ಮರದ ಕಾಗೆಗಳು ಎದ್ದವು. ಅವನು ಬಾಯಿ ತೆರೆದ. ಯಾವ ದನಿ ಬರುತ್ತದೋ ನೋಡೋಣ ಎಂದು ಕುತೂಹಲದಿಂದ ಕಾದ. ತುಟಿಯ ಮೇಲೆ ಮಾವಿನ ರಸ ಒಣಗುತ್ತಿತ್ತು.

ಓಬೇದುಲ್ಲಾ ಮೂರನೆಯ ಸಲ ಕೂಗಿದ. ಹೆಸರು ಜಗಲಿ ದಾಟಿ, ನಿಂತ ಜಟಕಾಗಳ ಮೇಲೆ ಹಾದು, ಬಿಸಿಲು ತುಂಬಿದ ಖಾಲಿ ಅಂಗಳದ ಆ ತುದಿಯವರೆಗೂ ಹೋಯಿತು.