ಹರಪನಹಳ್ಳಿ ಬಸ್ಸಿನ ಬಾಂಬು

ಹನ್ನೊಂದು ವರ್ಷದಿಂದ ಕೊಟ್ಟೂರು–ಹರಪನಹಳ್ಳಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಸುಕನ್ಯಾ, ವಾರದ ರಜೆಯ ದಿನ ನಾದಿನಿ ಶಾಂಭವಿಯ ಜೊತೆ ಮ್ಯಾಟ್ನಿಗೆ ಹೋದಳು. ತಾನು ದಿನಾ ಓಡಾಡುವ ಬಸ್ಸಿನಲ್ಲೇ ಬಾಂಬಿಡುವ ಸಿನಿಮಾ ಬಂದರೆ ನೋಡದೆ ಇರುವುದಾದರೂ ಹೇಗೆ?

ಹತ್ತೇ ನಿಮಿಷಕ್ಕೆ ಅವಳಿಗೆ ನಗು ಒದ್ದುಕೊಂಡು ಬಂತು. ಹೀರೋ ಓಡಿಬಂದು ಬಸ್ ಹತ್ತಿದರೆ ಕಿಟಕಿ ಪಕ್ಕದ ಸೀಟೇ ಖಾಲಿ! ಸಿನಿಮಾದ ಕಂಡಕ್ಟರಮ್ಮ ಹೈಹೀಲ್ಡ್ ಚಪ್ಪಲಿ ಹಾಕಿಕೊಂಡು ಟಿಕೆಟ್ ಕೊಡುತ್ತಿದ್ದಳು. ಸುಕನ್ಯಾ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ವೈನಿ, ಸುಮ್ಕಿರು. ಮಂದಿ ನೋಡ್ತಾರ" ಎಂದು ಶಾಂಭವಿ ಚಿವುಟಿದಳು.

ಬಾಂಬು ಸಿಡಿಯಲು ಮೂರೇ ನಿಮಿಷ ಉಳಿದಿತ್ತು. ಹೀರೋ ಐದು ನಿಮಿಷ ಹಾಡಿದ. ಆಮೇಲೆ ಬಾಂಬನ್ನು ಎತ್ತಿಕೊಂಡು ಉಚ್ಚಂಗಿದುರ್ಗದ ಕೋಟೆ ಏರಿ, ಅಲ್ಲಿಂದ ಸೀದಾ ತುಂಗಭದ್ರೆಗೆ ಜಿಗಿದ. ಅಲ್ಲಿಗೆ ಸುಕನ್ಯಾಳ ತಾಳ್ಮೆಯ ಕಟ್ಟೆ ಒಡೆಯಿತು.

"ಯಪ್ಪಾ, ಹೊಳಿ ಅಲ್ಲಿ ಹಡಗಲಿ ದಾಟಿ ಮಾಗಳದಾಗ ಹರಿತೈತೋ! ದುರ್ಗದಿಂದ ಜಿಗಿದವ ನೀರಿಗೆ ಬೀಳಬೇಕಂದ್ರ ನಡುವ ಎರಡು ಬಸ್ ಬದಲಾಯಿಸಬೇಕು!"

ಟಾಕೀಸಿಗೆ ಟಾಕೀಸೇ ಬಿದ್ದುಬಿದ್ದು ನಕ್ಕಿತು. ಮುಂದಿನ ಸಾಲಿನ ಅಜ್ಜ ಹಿಂತಿರುಗಿ, "ಹಡಗಲಿ ಬಸ್ ತಪ್ಪಿದ್ರ ಏನ್ ಮಾಡ್ತಾನವ್ವಾ?" ಎಂದು ಕೇಳಿದ. "ಗಾಳ್ಯಾಗ ನಿಂತು ಕಾಯ್ತಾನ್ರಿ!" ಅಂದಳು. ಅಲ್ಲಿಂದ ಮುಂದೆ ಪರದೆಯನ್ನು ನೋಡಿದವರಿಗಿಂತ ಅವಳ ಮಾತಿಗೆ ಕಿವಿಗೊಟ್ಟವರೇ ಹೆಚ್ಚು.

ಸಿನಿಮಾ ಬಿಟ್ಟಾಗ ಗಡ್ಡದ ತರುಣನೊಬ್ಬ ಬಾಗಿಲಲ್ಲೇ ಅಡ್ಡ ನಿಂತ. "ನಾನು ಕ್ರಾಂತಿಕುಮಾರ್. ಈ ಸಿನಿಮಾದ ನಿರ್ದೇಶಕ. ಜನ ಹೇಗೆ ನೋಡ್ತಾರೆ ಅಂತ ಹಿಂದೆ ಕೂತಿದ್ದೆ."

ಸುಕನ್ಯಾ ಥಟ್ಟನೆ ಕೈ ಮುಗಿದಳು. "ತಪ್ಪಾತ್ರಿ ಸರ. ಬಾಯಿ ನಿಲ್ಲಲಿಲ್ಲ."

"ತಪ್ಪು ನಿಮ್ಮದಲ್ಲ ಮೇಡಂ. ಆ ಕೋಟೆ, ಆ ಹೊಳೆ ಎರಡನ್ನೂ ನಾನು ಫೋಟೋದಲ್ಲಷ್ಟೇ ನೋಡಿದ್ದು." ಅವನು ಮುಖ ಮುಚ್ಚಿಕೊಂಡ. ಅಳುತ್ತಿದ್ದಾನೆಂದು ಶಾಂಭವಿ ಗಾಬರಿಯಾದಳು. ಅವನ ಭುಜ ಕುಲುಕುತ್ತಿದ್ದದ್ದು ನಗುವಿಗೆ. "ಗಾಳಿಯಲ್ಲಿ ನಿಂತು ಕಾಯ್ತಾನೆ!" ಎನ್ನುತ್ತ ಗೋಡೆಗೆ ಒರಗಿಬಿಟ್ಟ.

ಮೂವರೂ ಎದುರಿನ ಅಂಗಡಿಯಲ್ಲಿ ಮಂಡಕ್ಕಿ, ಮಿರ್ಚಿ ಹಾಕಿಸಿಕೊಂಡು ಕೂತರು. ಸುಕನ್ಯಾ ಎಣಿಸಿ ಹೇಳಿದ ಸಿನಿಮಾದ ತಪ್ಪುಗಳನ್ನೆಲ್ಲ ಅವನು ಫೋನಿನಲ್ಲಿ ಬರೆದುಕೊಂಡ. ಬರೆದೂ ಬರೆದೂ ಬೆರಳು ನೋಯಿತು. ಕೊನೆಗೆ ಏಳಲು ಹೊರಟ.

"ಎಲ್ಲಿಗೆ ಹೊಂಟ್ರಿ?" ಸುಕನ್ಯಾ ಇನ್ನೊಂದು ಮಿರ್ಚಿ ಮುರಿದಳು. "ಕುಂದರ್ರಿ ಸರ. ಇಂಟರ್ವಲ್ ಆದಮ್ಯಾಲಿಂದು ಇನ್ನೂ ಶುರುನ ಮಾಡಿಲ್ಲ!"