ಮೂರು ಪಟ್ಟೆ, ಒಂದು ಚುಕ್ಕೆ

ಅಮೆರಿಕದ ಗೈದರ್ಸ್‌ಬರ್ಗಿನ ನಮ್ಮ ಗರಾಜಿನಲ್ಲಿ ಐದು ತಿಂಗಳಿಂದ ಕಬ್ಬಿಣ ಕಡೆಯುವ ಒಂದು ಸಣ್ಣ ಲೇಥ್ ಕೂತಿತ್ತು. ತೀರಿಹೋದ ಯಾರದೋ ಮನೆಯ ಸಾಮಾನು ಮಾರುವಾಗ ತಂದದ್ದು. ಯಾವ ಕಂಪನಿಯದೋ ದೇವರಿಗೇ ಗೊತ್ತು. ಹೆಸರಿನ ಫಲಕವಿದ್ದ ಜಾಗದಲ್ಲಿ ನಾಲ್ಕು ತೂತು ಮಾತ್ರ. ಹಸಿರು ಬಣ್ಣ ಕೆರೆದೆ, ತುಕ್ಕು ತೆಗೆದೆ, ಹಲ್ಲುಚಕ್ರಗಳು ತಿರುಗಿದವು. ಆದರೆ ಕೆಲಸದ ತುಂಡನ್ನು ಹಿಡಿಯುವ ಚಕ್ ಇರಲಿಲ್ಲ. ಲೇಥಿನ ಮೂತಿಯ ತಿರುಪಿನ ಥ್ರೆಡ್ಡಿಗೆ ಅಂಗಡಿಯ ಯಾವ ಚಕ್ಕೂ ಕೂರುತ್ತಿರಲಿಲ್ಲ. ಕಂಪನಿ ಗೊತ್ತಾದರೆ ಸರಿಯಾದದ್ದು ಹುಡುಕಬಹುದು. ಇಲ್ಲದಿದ್ದರೆ ಶನಿವಾರ ಗುಜರಿಯವನು ಬರುತ್ತಾನೆ.

ಗಡುವು ಕೊಟ್ಟವಳು ನನ್ನ ಹೆಂಡತಿ ಗಂಗಾಂಬಿಕಾ. "ಥಂಡಿ ಸುರು ಆಗೂದ್ರಾಗ ನನ್ನ ಕಾರು ಒಳಗ ನಿಲ್ಲಬೇಕು ನೋಡ್ರಿ," ಎಂದಿದ್ದಳು. ಮಾರ್ಚಿನಲ್ಲಿ ನನ್ನ ಕೆಲಸ ಹೋಗಿತ್ತು. ಮನೆ ನಡೆಯುತ್ತಿದ್ದುದು ಅವಳ ಆಸ್ಪತ್ರೆಯ ನೌಕರಿಯಿಂದ. ಚಳಿಗಾಲದ ಮುಂಜಾನೆ ಕಾರಿನ ಹಿಮ ಕೆರೆದು ಹೊರಡುವವಳೂ ಅವಳೇ. ಯಾವ ಬಾಯಿಂದ ಇಲ್ಲವೆನ್ನಲಿ? ಆದರೂ ನಿಜ ಹೇಳುತ್ತೇನೆ, ಆ ಲೇಥ್ ಇರದಿದ್ದರೆ ಇಷ್ಟು ದಿನ ನಾನು ಹಾಸಿಗೆ ಬಿಟ್ಟು ಏಳುತ್ತಿರಲಿಲ್ಲ.

ದಸರೆಯ ಖಂಡೇಪೂಜೆಯ ದಿನ, ಕೊನೆಯ ಪ್ರಯತ್ನವೆಂದು ಲೇಥಿನ ಫೋಟೊ ತೆಗೆದು ಹಳೆಯ ಯಂತ್ರಗಳ ಆನ್‌ಲೈನ್ ಗುಂಪಿಗೆ ಹಾಕಿದೆ. ಆಮೇಲೆ ಎಂದಿನಂತೆ ಎಣ್ಣೆ ಬಟ್ಟೆಯಿಂದ ಅದನ್ನು ಒರೆಸಿದೆ.

ಮರುದಿನ ನೋಡಿದರೆ ಅರವತ್ತು ಉತ್ತರ! ಮೂರು ಬಿಳಿ ಪಟ್ಟೆ, ನಡುವೆ ಕೆಂಪು ಚುಕ್ಕೆ, ಇದು ಒಹಾಯೋದ ಮುಚ್ಚಿಹೋದ ಕಾರ್ಖಾನೆಯ ಗುರುತು ಎಂದ ಒಬ್ಬ. ಅಲ್ಲ, ನೌಕಾಪಡೆಯದು ಎಂದ ಇನ್ನೊಬ್ಬ. ಅಟ್ಲಾಂಟಾದ ಹಿರಿಯರೊಬ್ಬರು, ತಮ್ಮ ಜೀವಮಾನದಲ್ಲಿ ಇಂಥ ಗುರುತು ನೋಡಿಲ್ಲ, ಹತ್ತಿರದಿಂದ ಇನ್ನೊಂದು ಫೋಟೊ ಕಳಿಸಿ ಎಂದಿದ್ದರು.

ಟಾರ್ಚ್ ಹಿಡಿದು ಗರಾಜಿಗೆ ಓಡಿದೆ. ಪಟ್ಟೆಯೂ ಇಲ್ಲ, ಚುಕ್ಕೆಯೂ ಇಲ್ಲ. ಬೆರಳಿಂದ ಸವರಿದೆ, ಕನ್ನಡಕ ಬದಲಿಸಿದೆ, ನೆಲದ ಮೇಲೆ ಮಲಗಿ ಅಡಿಯಿಂದಲೂ ನೋಡಿದೆ. ಬೇರೆ ಯಾವುದೋ ಲೇಥಿನ ಫೋಟೊ ಹಾಕಿಬಿಟ್ಟೆನೇ? ತಲೆ ಮೊಸರುಗಡಿಗೆಯಾಯಿತು. ಕೊನೆಗೆ ಫೋನಿನಲ್ಲಿ ಫೋಟೊವನ್ನೇ ದೊಡ್ಡದು ಮಾಡಿದೆ.

ವಿಭೂತಿ. ಕುಂಕುಮ.

ಎಂಜಿನಿಯರ್ ಆಗುವ ಮೊದಲು ಹುಬ್ಬಳ್ಳಿಯ ವರ್ಕ್‌ಶಾಪಿನಲ್ಲಿ ನಾಲ್ಕು ವರ್ಷ ಲೇಥ್ ನಡೆಸುವ ಟರ್ನರ್ ಆಗಿದ್ದವನು ನಾನು. ನನ್ನ ಕಣ್ಣಿಗೆ ಮಷೀನೆಂದರೆ ವಿಭೂತಿ ಸಹಿತವೇ. ಹಾಗಾಗಿ ಕಂಡೇ ಇರಲಿಲ್ಲ, ಕಾಣದೆಯೇ ಎಣ್ಣೆ ಬಟ್ಟೆಯಿಂದ ಒರೆಸಿಬಿಟ್ಟಿದ್ದೆ. ನಾಚಿಕೊಂಡು ಗುಂಪಿಗೆ ನಿಜ ಬರೆದೆ. ಬರೆದು ಮುಗಿಸಿದಾಗ ಇನ್ನೊಂದು ಗೊಂದಲ ಶುರುವಾಯಿತು. ನಾನಂತೂ ಅದನ್ನು ಹಚ್ಚಿರಲಿಲ್ಲ.

ಅಡುಗೆಮನೆಗೆ ಹೋದೆ. "ಲೇಥಿಗೆ ಇಬತ್ತಿ ಹಚ್ಚಿದಾಕಿ ನೀನಾ?"

"ಮತ್ತ್ಯಾರು? ನಿಮಗ ಇವತ್ತ ಕಾಣಿಸ್ತೇನು?"

"ಶನಿವಾರ ಗುಜರಿಗೆ ಹೋಗೂದಕ್ಕ ಯಾಕ ಹಚ್ಚಿದಿ?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಗುಜರಿಯವಂಗ ಬರಬ್ಯಾಡ ಅಂತ ನಿನ್ನೇನ ಫೋನ್ ಮಾಡೀನಿ. ಪೂಜಿ ಮಾಡಿದ್ದನ್ನ ಮನಿಯಿಂದ ಹೊರಗ ಹಾಕ್ತಾರೇನು? ಹುಬ್ಬಳ್ಳ್ಯಾಗ ಯಾರರ ಮಷೀನಿನ ಹೆಸರು ಕೇಳ್ತಿದ್ರ? ಅಳತಿ ತಗೋತಿದ್ರಿ, ಬೇಕಾದ್ದು ನೀವ ಮಾಡ್ಕೋತಿದ್ರಿ. ಈ ಚಕ್ಕೂ ಹಂಗ ಮಾಡ್ಕೋರಿ."

"ಮತ್ತ ನಿನ್ನ ಕಾರು?"

"ಹೊರಗ ನಿಲ್ಲತೈತಿ. ಹಿಮಾ ನೀವು ಕೆರೀರಿ," ಎಂದಳು. "ಆ ನೆವಕ್ಕರ ಮುಂಜಾನೆ ಏಳ್ತೀರಿ."